ಹಿಟ್ಟಿನ ಮಿಲ್ಲಿನಲ್ಲಿ ರಕ್ತದ ಗುಂಪು ಕೇಳಿದ ಕಾಲ

ಅಲ್ಲ ಶ್ರಾವ್ಯ, ಹೆದರ್ಬೇಡ ಅಂತ ಹೇಳಿದ ಕೂಡ್ಲೆ ಹೆದರಿಕೆ ಹೋಗ್ತದಾ, ಹೋಗುದಿಲ್ಲ, ಅದು ನನಗೆ ಗೊತ್ತುಂಟು, ಹಾಗಾಗಿ ನಾನು ಹೆದರ್ಬೇಡ ಅಂತ ಹೇಳುದೇ ಇಲ್ಲ. ನೀನು ಈಗ ಎಂತ ಹೇಳಿದ್ದು? "ನನ್ನ ರಕ್ತ ನೆಗೆಟಿವ್ ಅಜ್ಜಿ, ಮೊಬೈಲಲ್ಲಿ ಯಾರೋ ಹೇಳಿದ್ದಾರೆ ನೆಗೆಟಿವ್ ಇದ್ದವರಿಗೆ ಮಕ್ಕಳು ಉಳಿಯುದಿಲ್ಲ ಅಂತ, ಹಾಗಾಗಿ ನನಗೆ ಮಕ್ಕಳೇ ಬೇಡ." ಅಷ್ಟೇ ಅಲ್ವಾ? ನೋಡು, ಬೇಡದಿದ್ರೆ ಬೇಡ, ಅದು ನಿನಗೂ ನಿನ್ನ ಗಂಡನಿಗೂ ಬಿಟ್ಟದ್ದು, ಅಜ್ಜಿ ಅದಕ್ಕೆ ಕೈ ಹಾಕುದಿಲ್ಲ. ಆದ್ರೆ ಕಾರಣ ಇದಾದ್ರೆ ಒಂದು ಗಳಿಗೆ ಕೂತ್ಕೋ. ದೀಕ್ಷಾ, ನೀನೂ ಬಾ ಮಗಾ, ನಿನ್ನ ಅಪ್ಪ ಮಿಲ್ಲಿನಿಂದ ಬರುವಾಗ ಇನ್ನೂ ಹೊತ್ತುಂಟು. ಕಾಲೇಜಿಗೆ ಹೋಗುವ ಹುಡುಗಿಯರು ಕೇಳ್ಬೇಕಾದ್ದೇ ಇದು. ನನ್ನ ರಕ್ತವೂ ನೆಗೆಟಿವೇ. ಗೊತ್ತಿರ್ಲಿಲ್ವಾ? ಶ್ರಾವ್ಯ, ನಿನ್ನ ಅಮ್ಮ ಹೇಳಿರ್ಲಿಕ್ಕಿಲ್ಲ, ವಸಂತಿ ಯಾವತ್ತೂ ಹಾಗೆ, ಹಳೆ ದುಃಖದ ಮಾತು ಬಂದ್ರೆ ಎದ್ದು ಒಳಗೆ ಹೋಗ್ತಾಳೆ.

ನಾನು ಮರ್ಕಂಜದಲ್ಲಿ ಹುಟ್ಟಿದವಳು, ಮದುವೆಯಾಗಿ ಇಲ್ಲಿಗೆ, ಆಲಂಕಾರಿಗೆ ಬಂದದ್ದು. ನಿಮ್ಮ ಅಜ್ಜನದ್ದು ಆಗಲೇ ಹಿಟ್ಟಿನ ಮಿಲ್ಲು, ಈಗ ರವಿ ನಡೆಸುದಲ್ವಾ, ಅದೇ. ಆದ್ರೆ ಆಗ ಕರೆಂಟಿನದ್ದಲ್ಲ, ಡೀಸೆಲ್ ಎಂಜಿನ್, ಟುಕು ಟುಕು ಟುಕು ಅಂತ ದಿನ ಇಡೀ ಒಂದೇ ಶಬ್ದ, ಹಿಂದೆಯೇ ನಮ್ಮ ಮನೆ, ಒಲೆ ಮೇಲಿನ ಪಾತ್ರೆಯ ಮುಚ್ಚಳ ಸಹ ಆ ಶಬ್ದಕ್ಕೆ ಕುಣೀತಿತ್ತು. ಅಕ್ಕಿ ಹಿಟ್ಟು, ರಾಗಿ ಹಿಟ್ಟು, ಮೆಣಸಿನ ಪುಡಿ ಮಾಡುವ ದಿನ ಅಂತೂ ಪೇಟೆಗೆ ಪೇಟೆಯೇ ಸೀನುದು. ನಿಮ್ಮ ಅಜ್ಜನಿಗೆ ಈಗ ಕಿವಿ ಸರಿ ಕೇಳುದಿಲ್ಲ ನೋಡಿ, ಅದು ಆ ಎಂಜಿನ್ನು ತಿಂದದ್ದು. ಎಂತ ಹೇಳ್ತಾ ಇದ್ದೆ? ಹಾಂ. ವಸಂತಿ ಹುಟ್ಟಿದ್ದು ಮರ್ಕಂಜದಲ್ಲಿ, ತವರು ಮನೆಯಲ್ಲಿ, ಸೂಲಗಿತ್ತಿ ಬಂದು ಹೆರಿಗೆ ಮಾಡಿಸಿದ್ದು. ಎಂತದೂ ತೊಂದರೆ ಇಲ್ಲ. ದುಂಡಗೆ, ತಲೆ ತುಂಬ ಕೂದಲು. ಎಲ್ಲರೂ ಹೇಳಿದ್ದು, ದೇವಕಿಯದ್ದು ಪುಣ್ಯದ ಹೊಟ್ಟೆ ಅಂತ. ಆ ಮಾತು ನನಗೆ ಈಗಲೂ ನೆನಪುಂಟು, ಯಾಕೆ ಅಂದ್ರೆ ಆಮೇಲೆ ಯಾರೂ ಹಾಗೆ ಹೇಳ್ಲಿಲ್ಲ.

ವಸಂತಿ ಓಡಾಡುವ ಹೊತ್ತಿಗೆ ಎರಡನೆಯದ್ದು. ಗಂಡು. ಅದೂ ಅಲ್ಲೇ, ತವರಲ್ಲೇ. ಹುಟ್ಟುವಾಗ ಅತ್ತಿತು, ಹಾಲು ಕುಡಿಯಿತು, ಎಲ್ಲ ಸರಿಯೇ. ಮಾರನೇ ದಿನ ಬೆಳಿಗ್ಗೆ ನೋಡ್ತೇನೆ, ಮಗು ಅರಸಿನ ಹಚ್ಚಿದ ಹಾಗೆ ಹಳದಿ. ಕಣ್ಣು ಹಳದಿ, ಅಂಗಾಲು ಸಹ ಹಳದಿ. ಸೂಲಗಿತ್ತಿ ಹೇಳಿದ್ಳು, ಬಿಸಿಲಿಗೆ ಹಿಡೀರಿ, ಹೋಗ್ತದೆ. ಹಿಡಿದೆವು. ಹೋಗ್ಲಿಲ್ಲ. ಹಾಲು ಕುಡಿಯುದು ನಿಲ್ಲಿಸಿತು, ನಿದ್ದೆ, ಬರೇ ನಿದ್ದೆ, ಎಬ್ಬಿಸಿದ್ರೂ ಏಳುದಿಲ್ಲ. ಸುಳ್ಯಕ್ಕೆ ಕರ್ಕೊಂಡು ಹೋಗ್ಲಿಕ್ಕೆ ಅಣ್ಣ ಜೀಪು ತರ್ಲಿಕ್ಕೆ ಹೋದ, ಜೀಪು ಬರುವಾಗ ಮಗು ಇರ್ಲಿಲ್ಲ. ಅಷ್ಟೇ. ಅದರ ಮೇಲೆ ಹೇಳ್ಲಿಕ್ಕೆ ಎಂತದೂ ಇಲ್ಲ. ಮೂರನೆಯದ್ದು ಬಂತು, ಎಂಟು ತಿಂಗಳು ತುಂಬುವಾಗ ಹೊಟ್ಟೆಯೊಳಗೆ ಒದೆಯುದು ನಿಂತಿತು. ಆಸ್ಪತ್ರೆಯಲ್ಲಿ ತೆಗೆದ್ರು, ಯಾಕೆ ಹೀಗಾಯ್ತು ಅಂತ ಅಲ್ಲಿ ಯಾರೂ ಹೇಳ್ಲಿಲ್ಲ. ನನಗೆ ತೋರಿಸ್ಲಿಲ್ಲ. ಅವ್ವ ನೋಡಿದ್ಳು. ನಾನು ಅವ್ವನ ಮುಖ ನೋಡಿದೆ, ಸಾಕಾಯ್ತು. ಅವ್ವ ಅಂದ್ರೆ ನನ್ನ ಅಮ್ಮ, ನಾವು ಅವ್ವ ಅಂತಲೇ ಕರೆಯುದು. ಅವಳು ನನ್ನ ತಲೆ ಸವರಿ ಒಂದೇ ಮಾತು ಹೇಳಿದ್ಳು, "ನನ್ನದೇ ನಿನಗೂ ಬಂತು ಮಗಾ." ಯಾಕೆ ಅಂದ್ರೆ ಅವಳಿಗೂ ಹಾಗೆಯೇ, ಅಣ್ಣ ಹುಟ್ಟಿದ ಮೇಲೆ, ನಾನು ಹುಟ್ಟುವ ಮೊದಲು, ನಾನು ಹುಟ್ಟಿದ ನಂತರ, ಮಕ್ಕಳು ಬಂದದ್ದೂ ಹೋದದ್ದೂ. ಉಳಿದದ್ದು ಅಣ್ಣ, ನಾನು, ಇಬ್ಬರೇ.

ಮತ್ತೆ ಜನರ ಬಾಯಿ. ಕೆಟ್ಟವರಲ್ಲ ಮಾರಾಯ್ತಿ, ಕೆಟ್ಟವರಾದ್ರೆ ಜಗಳ ಮಾಡ್ಬಹುದಿತ್ತು. ಎಲ್ಲರೂ ಪ್ರೀತಿಯಿಂದಲೇ ಹೇಳುದು. ನಾಗ ದೋಷ ಇರ್ಬೇಕು ಅಂತ ಒಬ್ಬರು, ಬಸುರಿಯಾಗಿದ್ದಾಗ ಮೆಣಸಿನ ಘಾಟು ಕುಡಿದದ್ದು ಅಂತ ಒಬ್ಬರು, ಮಿಲ್ಲಿನ ಶಬ್ದಕ್ಕೆ ಮಗು ಬೆಚ್ಚಿ ಬಿದ್ದದ್ದು ಅಂತ ಇನ್ನೊಬ್ಬರು. ನನ್ನ ಅತ್ತೆ ಸುಬ್ರಹ್ಮಣ್ಯಕ್ಕೆ ಕರ್ಕೊಂಡು ಹೋಗಿ ಸೇವೆ ಮಾಡಿಸಿದ್ರು. ಅದರಲ್ಲಿ ತಪ್ಪು ಎಂತದೂ ಇಲ್ಲ, ನನಗೂ ಮನಸ್ಸಿಗೆ ಹಗುರ ಆಯ್ತು. ಆದ್ರೆ ಗೊತ್ತುಂಟಾ, ಮಿಲ್ಲಿಗೆ ಬಸುರಿ ಹೆಂಗಸರು ಬಂದ್ರೆ ನನ್ನನ್ನು ನೋಡಿ ಸ್ವಲ್ಪ ಆಚೆ ನಿಲ್ಲುದು. ಬಯಕೆ ಊಟಕ್ಕೆ ಕರೀತಾರೆ, ಎಲೆ ಹಾಕ್ತಾರೆ, ಆದ್ರೆ ಬಸುರಿಗೆ ಹೂ ಮುಡಿಸ್ಲಿಕ್ಕೆ ನನ್ನ ಸರದಿ ಬರುವಾಗ "ಅಯ್ಯೋ ಹೊತ್ತಾಯ್ತು, ಊಟಕ್ಕೆ ಏಳಿ" ಅಂತ ಯಾರಾದ್ರೂ ಹೇಳುದು. ಒಂದು ಸರ್ತಿ ಒಂದು ಮನೆಯಲ್ಲಿ ತೊಟ್ಟಿಲು ಹಾಕುವ ದಿನ, ನನ್ನ ಮಡಿಲಿಗೆ ಯಾರೋ ಮಗುವನ್ನು ಕೊಟ್ರು, ನಾನೂ ಸಂತೋಷದಲ್ಲಿ ಹಿಡ್ಕೊಂಡೆ, ಅಷ್ಟರಲ್ಲಿ ಮಗುವಿನ ಅಜ್ಜಿ ಬಂದು "ಕೊಡು ಕೊಡು, ಅದಕ್ಕೆ ಹಸಿವೆ" ಅಂತ ಎತ್ಕೊಂಡು ಹೋದ್ರು. ಮಗು ನಿದ್ದೆ ಮಾಡ್ತಾ ಇತ್ತು. ಹಸಿವೆಯಂತೆ. ನಾನು ನಗಾಡಿದೆ, ಮತ್ತೆ ಎಂತ ಮಾಡುದು.

ಹಾಗಾಗಿ ನಾನು ಹೇಳ್ಲಿಕ್ಕೆ ಶುರು ಮಾಡಿದ್ದು, ನನಗೆ ಮಕ್ಕಳು ಬೇಡ, ವಸಂತಿ ಒಬ್ಬಳೇ ಸಾಕು, ನನಗೆ ಮಕ್ಕಳ ಗೌಜಿ ಗಲಾಟೆಯೇ ಆಗುದಿಲ್ಲ ಅಂತ. ಹೇಳಿ ಹೇಳಿ ಅದು ನನಗೇ ನಿಜ ಅಂತ ಆಗಿತ್ತು. ಆದ್ರೆ ಮಿಲ್ಲಿಗೆ ಯಾರಾದ್ರೂ ಮಗುವನ್ನು ಸೊಂಟದಲ್ಲಿ ಇಟ್ಕೊಂಡು ಬಂದ್ರೆ ನಾನು ಒಳಗೆ ಹೋಗಿ ಪಾತ್ರೆ ತಿಕ್ಕುದು, ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುದು. ನಿಮ್ಮ ಅಜ್ಜ ಎಂತ ಹೇಳ್ಲಿಲ್ಲ, ಅವರು ಮೊದಲೇ ಮಾತು ಕಮ್ಮಿ. ಆ ವರ್ಷ ಹೆಂಗಸರಿಗೆ ಮಕ್ಕಳಾಗದ ಹಾಗೆ ಆಪರೇಶನ್ ಮಾಡುವ ಕ್ಯಾಂಪ್ ಆಗ್ತದೆ ಅಂತ ಸುದ್ದಿ ಬಂತು. ನಾನು ಹೋಗಿ ಹೆಸರು ಕೊಟ್ಟು ಬಂದೆ. ಈಗ ಹೇಳ್ತೇನೆ ಕೇಳಿ, ಆ ಆಪರೇಶನ್ ಕೆಟ್ಟದ್ದಲ್ಲ, ಎಷ್ಟೋ ಹೆಂಗಸರಿಗೆ ಅದರಿಂದ ಉಸಿರು ಬಂದದ್ದುಂಟು. ಆದ್ರೆ ನಾನು ಹೆಸರು ಕೊಟ್ಟದ್ದು ಮಕ್ಕಳು ಸಾಕು ಅಂತ ಅಲ್ಲ. ನನ್ನ ಹೊಟ್ಟೆಯಲ್ಲಿ ವಿಷ ಉಂಟು, ಇನ್ನೊಂದು ಜೀವ ಅದಕ್ಕೆ ಬೀಳುದು ಬೇಡ ಅಂತ.

ಕ್ಯಾಂಪಿಗೆ ಇನ್ನೂ ಸ್ವಲ್ಪ ದಿನ ಇತ್ತು. ಅಷ್ಟರಲ್ಲಿ ನಿಮ್ಮ ಅಜ್ಜನ ತಮ್ಮ, ಚೆನ್ನಪ್ಪಜ್ಜ, ಕಾಳುಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದ. ತೊಡೆಯ ಎಲುಬು ಮುರಿದು ಹೊರಗೆ ಬಂದದ್ದು, ರಕ್ತ ಅಂದ್ರೆ ರಕ್ತ. ಜೀಪಿನಲ್ಲಿ ಹಾಕಿ ಪುತ್ತೂರಿಗೆ ಕರ್ಕೊಂಡು ಹೋದದ್ದು, ಅಲ್ಲಿಯ ಆಸ್ಪತ್ರೆಯಲ್ಲಿ ಹೇಳಿದ್ರು ರಕ್ತ ಬೇಕು, ಮನೆಯವರು ಯಾರೆಲ್ಲ ಕೊಡ್ತೀರಿ ಬನ್ನಿ. ಗಂಡಸರು ಎಲ್ಲ ಸಾಲಾಗಿ ನಿಂತ್ರು. ನಾನೂ ನಿಂತೆ. ಅತ್ತೆ ಎಳೀತಾರೆ ನನ್ನ ಸೆರಗು ಹಿಡಿದು, "ನೀನು ಎಂತಕ್ಕೆ, ನಿನ್ನಲ್ಲಿ ಎಂತ ರಕ್ತ ಉಂಟು, ಬಾ ಈಚೆ." ನಾನು ಬರ್ಲಿಲ್ಲ. ಚೆನ್ನಪ್ಪ ನನಗೆ ಮೈದುನ ಆದ್ರೂ ತಮ್ಮನ ಹಾಗೆ. ಹಾಗೆ ಬೆರಳು ಚುಚ್ಚಿ ನೋಡಿದ್ರು. ನೋಡಿದ ಹುಡುಗ ಒಳಗೆ ಹೋದ, ಒಬ್ಬರು ಡಾಕ್ಟರಮ್ಮ ಹೊರಗೆ ಬಂದ್ರು, ಸಣ್ಣ ಪ್ರಾಯ, ಬಿಳಿ ಕೋಟು. "ನಿಮ್ಮ ರಕ್ತ ಇವರಿಗೆ ಆಗುದಿಲ್ಲ ಅಮ್ಮಾ, ಬೇರೆ ಗುಂಪು. ನಿಮ್ಮದು ನೆಗೆಟಿವ್. ನಿಮಗೆ ಗೊತ್ತುಂಟಾ?" ನನಗೆ ಎಂತ ಗೊತ್ತು, ನೆಗೆಟಿವ್ ಅಂದ್ರೆ ಫೋಟೋ ತೆಗೆಯುವವರ ಹತ್ರ ಇರುದು ಅಂತ ಮಾತ್ರ. ಮತ್ತೆ ಅವರು ಕೇಳಿದ್ರು, "ಮಕ್ಕಳು ಎಷ್ಟು?" ಒಬ್ಬಳು ಅಂದೆ. ಅವರು ನನ್ನನ್ನೇ ನೋಡಿ ಮೆಲ್ಲಗೆ ಕೇಳಿದ್ರು, "ಆಮೇಲೆ ಆದದ್ದು ಉಳೀಲಿಲ್ವಾ? ಹುಟ್ಟಿದ ಮೇಲೆ ಹಳದಿ ಆಗಿತ್ತಾ?"

ನೋಡಿ ಮಕ್ಕಳೇ, ಯಾರೋ ಗುರುತಿಲ್ಲದವರು, ಮೊದಲ ಸರ್ತಿ ನನ್ನ ಮುಖ ನೋಡುದು, ನಾನು ಎಂತದೂ ಹೇಳ್ಲಿಲ್ಲ, ಅವರು ನನ್ನ ಮಗುವಿನ ಬಣ್ಣ ಹೇಳ್ತಾರೆ! ನಾನು ಅಲ್ಲೇ ಬೆಂಚಿನಲ್ಲಿ ಕೂತೆ. ಅವರು ನನ್ನ ಹತ್ರ ಕೂತು ಹೇಳ್ಲಿಕ್ಕೆ ಶುರು ಮಾಡಿದ್ರು. ನಾನು ಹೂಂ ಹೂಂ ಅಂತ ತಲೆ ಆಡಿಸಿದೆ. ದೊಡ್ಡವರು, ಕಲಿತವರು ಹೇಳುವಾಗ ನಾವು ತಲೆ ಆಡಿಸುದು, ಅಲ್ವಾ, ಅದು ಮರ್ಯಾದೆ ಅಂತ. ಅರ್ಥ ಆದದ್ದು ಮಾತ್ರ ಸೊನ್ನೆ. ಮನೆಗೆ ಬಂದು ನಿಮ್ಮ ಅಜ್ಜನಿಗೆ ಎಂತ ಹೇಳಿದೆ ಗೊತ್ತುಂಟಾ? "ನಿಮ್ಮ ರಕ್ತವೂ ನನ್ನ ರಕ್ತವೂ ಜಗಳ ಮಾಡ್ತದಂತೆ. ನಾವು ಮದುವೆ ಆದದ್ದೇ ತಪ್ಪಂತೆ." ಅವರು ಎಂಜಿನಿಗೆ ಎಣ್ಣೆ ಹಾಕ್ತಾ ಇದ್ದವರು ಹಾಗೆಯೇ ನಿಂತ್ರು. "ಹಾಗಾದ್ರೆ ಜಾತಕ ನೋಡಿದವರು ಇದನ್ನು ಯಾಕೆ ನೋಡ್ಲಿಲ್ಲ?" ಅತ್ತೆ ಒಳಗಿನಿಂದ, "ರಕ್ತ ಎಂತಕ್ಕೆ ಜಗಳ ಮಾಡುದು? ನೀವಿಬ್ಬರು ಒಂದು ದಿನ ಸಹ ಜಗಳ ಮಾಡಿದ್ದು ನಾನು ನೋಡ್ಲಿಲ್ಲ!" ನಗ್ಬೇಡಿ, ಆಗ ನಗು ಬರ್ಲಿಲ್ಲ. ನನಗೆ ಅನ್ನಿಸಿತು, ಇದು ಹೀಗೆ ಬಿಟ್ರೆ ಆಗ್ಲಿಕ್ಕಿಲ್ಲ. ಬೇರೆಯವರ ರಕ್ತ ಸಿಕ್ಕಿ ಹುಷಾರಾಗ್ತಾ ಇದ್ದ ಚೆನ್ನಪ್ಪನನ್ನು ನೋಡ್ಲಿಕ್ಕೆ ಹೋಗುವಾಗ ಇವರನ್ನೂ ಎಳ್ಕೊಂಡು ಅದೇ ಡಾಕ್ಟರಮ್ಮನ ಹತ್ರ ಹೋದೆ. ಹೋಗಿ ಹೇಳಿದೆ, "ಅಮ್ಮಾ, ಮೊನ್ನೆ ನಾನು ತಲೆ ಆಡಿಸಿದ್ದು ಸುಮ್ಮನೆ. ನನಗೆ ಒಂದೂ ಅರ್ಥ ಆಗ್ಲಿಲ್ಲ. ಇನ್ನೊಂದು ಸರ್ತಿ ಹೇಳಿ." ಅವರಿಗೆ ನಗು. ಆದ್ರೆ ಒಳ್ಳೆ ನಗು, ಆಯ್ತಾ, ತಮಾಷೆ ಮಾಡಿದ್ದಲ್ಲ.

ಅವರು ಹೇಳಿದ್ದು ಹೀಗೆ, ನಾನು ಹೇಳಿದ ಹಾಗೆ ಕೇಳಿ, ನಿಮ್ಮ ಪುಸ್ತಕದಲ್ಲಿ ಬೇರೆ ಶಬ್ದ ಇರ್ಬಹುದು. ಹೆಚ್ಚಿನ ಜನರ ರಕ್ತದಲ್ಲಿ ಒಂದು ವಸ್ತು ಉಂಟು. ನನ್ನ ರಕ್ತದಲ್ಲಿ ಅದು ಇಲ್ಲ, ಇವರದ್ದರಲ್ಲಿ ಉಂಟು. ಮಗು ಅಪ್ಪನ ಹಾಗೆ ಬಂದ್ರೆ ಅದರ ರಕ್ತದಲ್ಲಿಯೂ ಅದು ಇರ್ತದೆ. ಹೆರಿಗೆ ಹೊತ್ತಿಗೆ ಮಗುವಿನ ರಕ್ತ ಒಂದು ಚೂರು ತಾಯಿಯ ಮೈಗೆ ಸೇರ್ತದೆ. ಆಗ ತಾಯಿಯ ಮೈ, ಇದು ಯಾರು ಹೊರಗಿನವರು ಬಂದದ್ದು ಅಂತ ಗುರ್ತ ಇಟ್ಕೊಳ್ತದೆ. ಮೊದಲನೆಯ ಮಗುವಿಗೆ ಹೆಚ್ಚಾಗಿ ಎಂತದೂ ಆಗುದಿಲ್ಲ, ಅದು ಹುಟ್ಟಿ ಆಯ್ತಲ್ಲ. ಮುಂದಿನ ಮಗು ಪುನಃ ಅಪ್ಪನ ಹಾಗೆ ಬಂದ್ರೆ, ಮೈ ಅದರ ರಕ್ತವನ್ನು ಮುರೀಲಿಕ್ಕೆ ಹೊರಡ್ತದೆ. ಮಗು ಹಳದಿ ಆಗುದು, ಊದುದು, ಹೋಗುದು, ಎಲ್ಲ ಅದರಿಂದ. ನಾನು ಕೇಳಿದೆ, "ಹಾಗಾದ್ರೆ ಮೆಣಸಿನ ಘಾಟಿಗಲ್ವಾ?" ಅಲ್ಲ. "ಮಿಲ್ಲಿನ ಶಬ್ದಕ್ಕೆ?" ಅಲ್ಲ. "ನಾಗ?" ಅದಕ್ಕೆ ಅವರು ಹೇಳಿದ್ರು, "ದೇವರ ವಿಷಯ ನನಗೆ ಗೊತ್ತಿಲ್ಲ ಅಮ್ಮಾ. ಇದು ರಕ್ತದ ವಿಷಯ. ನೀವು ಎಂತ ತಪ್ಪೂ ಮಾಡ್ಲಿಲ್ಲ." ವಸಂತಿ ಹುಟ್ಟಿದ ಕೂಡ್ಲೆ, ಮೂರು ದಿನದ ಒಳಗೆ ಒಂದು ಇಂಜೆಕ್ಷನ್ ಕೊಟ್ಟಿದ್ರೆ ಮೈ ಹಾಗೆ ಗುರ್ತ ಇಟ್ಕೊಳ್ತಿರ್ಲಿಲ್ಲ ಅಂತ. ಈಗ ಕೊಟ್ರೆ? ಈಗ ಕೊಟ್ಟು ಪ್ರಯೋಜನ ಇಲ್ಲ, ಗುರ್ತ ಇಟ್ಟು ಆಗಿದೆ. ಹಾಗಾದ್ರೆ ಇನ್ನು ಮಕ್ಕಳೇ ಆಗ್ಲಿಕ್ಕಿಲ್ವಾ? ಅದಕ್ಕೆ ಅವರು ಸುಳ್ಳು ಹೇಳ್ಲಿಲ್ಲ, ಅದು ನನಗೆ ಹಿಡಿಸಿದ್ದು. "ಮಗು ನಿಮ್ಮ ರಕ್ತದ ಹಾಗೆ ಬಂದ್ರೆ ಅದಕ್ಕೆ ಎಂತದೂ ಆಗುದಿಲ್ಲ. ಹಾಗೆ ಬರಲೂಬಹುದು, ಬರದೆ ಇರಲೂಬಹುದು, ನಾನು ಮಾತು ಕೊಡ್ಲಿಕ್ಕೆ ಆಗುದಿಲ್ಲ. ಅಪ್ಪನ ಹಾಗೆ ಬಂದ್ರೆ ಕಷ್ಟ. ಆದ್ರೆ ಮೊದಲಿನಿಂದಲೇ ನೋಡ್ತಾ ಇದ್ರೆ, ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಬೇಗ ಹೆರಿಗೆ ಮಾಡಿಸಿ, ಮಗುವಿನ ರಕ್ತ ಬದಲಾಯಿಸಿ ಉಳಿಸ್ಲಿಕ್ಕೆ ನೋಡ್ತಾರೆ. ಕೆಲವು ಉಳೀತಾವೆ."

ನಾನು ಮರ್ಕಂಜಕ್ಕೆ ಹೋದೆ. ಅವ್ವನಿಗೆ ಹೇಳ್ಬೇಕು ಅಂತ. ಅವಳು ಜಗಲಿಯಲ್ಲಿ ಹಲಸಿನ ಹಪ್ಪಳ ಒತ್ತುತ್ತಾ ಇದ್ಳು. ನಾನೂ ಎದುರು ಕೂತು ಉಂಡೆ ಮಾಡಿ ಕೊಡ್ತಾ ಕೊಡ್ತಾ ಎಲ್ಲ ಹೇಳಿದೆ, ಬಿಡಿಸಿ ಬಿಡಿಸಿ, ಡಾಕ್ಟರಮ್ಮ ಹೇಳಿದ ಹಾಗೆಯೇ. ಅವಳು ಒತ್ತುತ್ತಲೇ ಇದ್ಳು. ಕೇಳ್ತಾಳಾ ಇಲ್ವಾ ಅಂತ ಸಹ ಗೊತ್ತಾಗುದಿಲ್ಲ. ಮತ್ತೆ ಒಂದು ಸರ್ತಿ ಕೈ ನಿಲ್ಲಿಸಿ, "ಹಾಗಾದ್ರೆ ನನ್ನ ಕತ್ತಿಯಿಂದ ಅಲ್ವಾ?" ಎಂತ ಕತ್ತಿ ಅವ್ವ? ಆಗ ಹೇಳಿದ್ಳು. ಅಣ್ಣ ತೊಟ್ಟಿಲಲ್ಲಿ ಇದ್ದಾಗ, ದನದ ಹಟ್ಟಿಗೆ ಸೊಪ್ಪು ತರ್ಲಿಕ್ಕೆ ಹೋದವಳು, ಗೊತ್ತಿಲ್ಲದೆ ನಾಗಬನದ ಅಂಚಿನ ಒಂದು ಗೆಲ್ಲು ಕಡಿದಿದ್ಳಂತೆ. ನಾಗನ ಮರಕ್ಕೆ ಕತ್ತಿ ತಾಗಿಸ್ಬಾರದು ಅಂತ ಅಲ್ವಾ. ಯಾರೂ ನೋಡ್ಲಿಲ್ಲ. ಅವಳೂ ಯಾರಿಗೂ ಹೇಳ್ಲಿಲ್ಲ, ಅಪ್ಪನಿಗೆ ಸಹ. ಆಮೇಲೆ ಹೋದ ಒಂದೊಂದು ಮಗುವಿಗೂ ಅವಳು ಆ ಗೆಲ್ಲನ್ನೇ ನೆನೆಸಿದ್ದು. ನನ್ನ ಎರಡು ಹೋದಾಗಲೂ ಅದನ್ನೇ. ತಾನು ಕಡಿದದ್ದು ಮಗಳ ಹೊಟ್ಟೆಗೂ ಬಂತು ಅಂತ. "ನನ್ನದೇ ನಿನಗೂ ಬಂತು" ಅಂತ ಹೇಳಿದ್ದು ಅದು! ಯೋಚನೆ ಮಾಡಿ ಮಕ್ಕಳೇ, ಅಷ್ಟು ವರ್ಷ. ನಾನು ಹೇಳಿದೆ, "ಅವ್ವಾ, ಬಂದದ್ದು ಹೌದು, ಆದ್ರೆ ರಕ್ತ ಬಂದದ್ದು. ನಿನ್ನದೂ ನೆಗೆಟಿವೇ ಇರ್ಬೇಕು, ಡಾಕ್ಟರಮ್ಮ ಹಾಗೆ ಹೇಳಿದ್ರು. ನಾನು ನಿನ್ನ ಹಾಗೆ ಬಂದದ್ದಕ್ಕೆ ಉಳಿದದ್ದು." ಅವಳು ಹಪ್ಪಳದ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತದ್ದು ಅತ್ತದ್ದೇ. ನಾನು ತಡೀಲಿಲ್ಲ. ಅತ್ತು ಮುಗಿದ ಮೇಲೆ ಮುಖಕ್ಕೆ ಎಲ್ಲ ಹಿಟ್ಟು, ನನಗೆ ನಗು ಬಂತು, ಅವಳಿಗೂ ಬಂತು. ಆಮೇಲೆ ಅವಳು ಬದುಕಿದ್ದಷ್ಟು ದಿನ ಬೇರೆಯೇ ಹೆಂಗಸು. ಬನದ ಹತ್ರ ಹೋಗುವಾಗ ತಲೆ ತಗ್ಗಿಸಿ ಬೇಗ ಬೇಗ ಹೋಗ್ತಾ ಇದ್ದವಳು, ಮತ್ತೆ ನಿಂತು ಕೈ ಮುಗಿದು ಹೋಗ್ಲಿಕ್ಕೆ ಶುರು ಮಾಡಿದ್ಳು.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಗೊತ್ತಾದದ್ದು, ನನಗೆ ಇನ್ನೊಂದು ಮಗು ಬೇಕು. ಯಾವತ್ತೂ ಬೇಕೇ ಇತ್ತು. ಬೇಡ ಅಂತ ಹೇಳ್ತಾ ಇದ್ದದ್ದು ನಾನಲ್ಲ, ನನ್ನ ಹೆದರಿಕೆ. ಶಾಪ ಅಲ್ಲ, ಪಾಪ ಅಲ್ಲ, ರಕ್ತ ಅಂತಾದ ಮೇಲೆ ಎದುರು ನಿಂತು ನೋಡ್ಬಹುದಲ್ಲ. ಕ್ಯಾಂಪಿನಲ್ಲಿ ಕೊಟ್ಟ ಹೆಸರು ತೆಗೆಸಿದೆ. ಆದ್ರೆ ನಿಮ್ಮ ಅಜ್ಜ! ಮಧ್ಯಾಹ್ನ ಎಂಜಿನ್ ನಿಲ್ಲಿಸಿದ ಮೇಲೆ ನಾನು ಮಾತು ತೆಗೆದೆ. ಅವರು ಜರಡಿ ಕೊಡಹುತ್ತಾ, "ನನಗೆ ನೀನು ಸಾಕು, ವಸಂತಿ ಸಾಕು" ಅಂದ್ರು. ನಾನು ಹೇಳಿದೆ, ನನಗೆ ಸಾಲ್ದು. "ಡಾಕ್ಟರಮ್ಮ ಹೇಳಿದ್ದು ನೀವೂ ಕೇಳಿದ್ದೀರಲ್ಲ?" ಅಂತ ಕೇಳಿದ್ರೆ, "ಕೇಳಿದ್ದಕ್ಕೇ ಹೇಳುದು ಬೇಡ ಅಂತ. ಮೊದಲು ಗೊತ್ತಿರ್ಲಿಲ್ಲ, ಆಯ್ತು. ಈಗ ಗೊತ್ತಿದ್ದು ಪುನಃ ಹೇಗೆ?" ನೋಡಿ, ಒಂದೇ ಬೆಂಚಿನಲ್ಲಿ ಕೂತು ಇಬ್ಬರೂ ಒಂದೇ ಮಾತು ಕೇಳಿದ್ದು. ನನ್ನ ಹೆದರಿಕೆ ಹೋಯ್ತು, ಅವರಿಗೆ ಹೆದರಿಕೆ ಬಂತು. ನನಗೆ ಸಿಟ್ಟು ಬಂದು ಏನೋ ಹೇಳಿದೆ, ನಿಮಗೆಂತ, ಹೊತ್ತದ್ದು ನಾನು ಅಂತ ಇರ್ಬೇಕು. ಆಗ ಅವರು ಜರಡಿ ಕೆಳಗಿಟ್ರು. "ನೀನು ಹೊತ್ತದ್ದು ಹೌದು ದೇವಕಿ. ಗುಡ್ಡೆಗೆ ಹೊತ್ತದ್ದು ನಾನು. ಇನ್ನೊಂದು ಸರ್ತಿ ಮಣ್ಣು ಹಾಕ್ಲಿಕ್ಕೆ ನನ್ನಿಂದ ಆಗುದಿಲ್ಲ." ನನಗೆ ಅದು ಗೊತ್ತೇ ಇರ್ಲಿಲ್ಲ. ಬೇರೆ ಯಾರೋ ಗಂಡಸರು ಮಾಡಿದ್ದು ಅಂತ ನಾನು ತಿಳ್ಕೊಂಡದ್ದು. ಎರಡನ್ನೂ ಇವರೇ, ಒಬ್ಬರೇ. ಅನ್ನ ಬಡಿಸಿದೆ, ಇಬ್ಬರೂ ಊಟ ಮಾಡಿದೆವು.

ಅವರ ಮೇಲೆ ಒತ್ತಾಯ ಮಾಡುದಿಲ್ಲ ಅಂತ ನಾನು ನಿಶ್ಚಯ ಮಾಡಿದೆ. ಕೇಳ್ಲಿಕ್ಕೂ ಹೋಗ್ಲಿಲ್ಲ. ಆದ್ರೆ ಅವರೇ ನಾಲ್ಕೈದು ಸರ್ತಿ ಪುತ್ತೂರಿಗೆ ಹೋದ್ರು, ಮಿಲ್ಲಿನ ಬೆಲ್ಟ್ ತರ್ಲಿಕ್ಕೆ ಅಂತ. ನನಗೆ ಅನ್ನಿಸಿತು, ಎಂತ ಈ ಬೆಲ್ಟ್ ಇಷ್ಟು ಬೇಗ ಬೇಗ ತುಂಡಾಗುದು! ಕಡೆಗೆ ನೋಡಿದ್ರೆ ಡಾಕ್ಟರಮ್ಮನ ಹತ್ರ ಹೋಗಿ ಕೂತು ಕೇಳುದಂತೆ, ಅದು ಹಾಗಾದ್ರೆ ಎಂತ, ಇದು ಹೀಗಾದ್ರೆ ಎಂತ, ತಾಯಿಗೆ ಅಪಾಯ ಉಂಟಾ, ರಕ್ತ ಬದಲಾಯಿಸುದು ಹೇಗೆ, ಯಾರ ರಕ್ತ ಬೇಕು. ಮಾತೇ ಆಡದ ಮನುಷ್ಯ! ಆಮೇಲೆ ಒಂದು ದಿನ ಮಿಲ್ಲಿನಲ್ಲಿ ಇವರು ಅಕ್ಕಿ ತಂದವರ ಹತ್ರ ಕೇಳುದು ಕೇಳ್ತದೆ, ಎಂಜಿನ್ ಶಬ್ದಕ್ಕೆ ಬೊಬ್ಬೆ ಹಾಕಿಯೇ ಕೇಳ್ಬೇಕಲ್ಲ, "ನಿಮ್ಮ ರಕ್ತ ಯಾವ ಗುಂಪು ಮಾರಾಯ್ರೆ?" ಅವರಿಗೆ ಕಕ್ಕಾಬಿಕ್ಕಿ. "ಹಿಟ್ಟು ಮಾಡ್ಲಿಕ್ಕೆ ರಕ್ತ ಎಂತಕ್ಕೆ?" ನಾನು ಅಡಿಗೆ ಮನೆಯಲ್ಲಿ ನಿಂತು ಕೇಳಿದವಳು, ಸೌಟು ಕೈಯಲ್ಲೇ ಉಂಟು, ನಗುದಾ ಅಳುದಾ ಗೊತ್ತಾಗುದಿಲ್ಲ. ನನಗೆ ಬಾಯಿ ಬಿಟ್ಟು ಆಯ್ತು ಅಂತ ಹೇಳ್ಲೇ ಇಲ್ಲ ಅವರು. ಹೀಗೆ ಹೇಳಿದ್ದು, ಊರಿಗೇ ಕೇಳಿಸಿ.

ಮಗುವಿಗೆ ಬೇಕಾದ್ರೆ ಓ ನೆಗೆಟಿವ್ ರಕ್ತ ಆಗ್ಬೇಕಂತೆ, ಅದು ಸುಲಭದಲ್ಲಿ ಸಿಗುದಿಲ್ಲ. ನೂರು ಜನರ ಹತ್ರ ಕೇಳಿರ್ಬೇಕು ಇವರು, ಅರ್ಧ ಜನಕ್ಕೆ ಗುಂಪೇ ಗೊತ್ತಿಲ್ಲ. ಕಡೆಗೆ ಸಿಕ್ಕಿದ್ದು ನೆಲ್ಯಾಡಿ ಕಡೆಯ ತೋಮಾಚ್ಚ. ಕೇರಳದಿಂದ ಬಂದು ರಬ್ಬರ್ ಮಾಡಿದವರು, ದೊಡ್ಡ ಮೀಸೆ, ತಿಂಗಳಿಗೊಮ್ಮೆ ಮರಗೆಣಸು ಒಣಗಿಸಿ ಹಿಟ್ಟು ಮಾಡಿಸ್ಲಿಕ್ಕೆ ಬರುದು. ಅವರು ನಿಮ್ಮ ಅಜ್ಜನಿಗೆ ಹೇಳಿದ್ದು ಅವರ ಕನ್ನಡದಲ್ಲಿ, "ಪದ್ಮಯ್ಯಣ್ಣ, ನಂದು ಓ ನೆಗೆಟಿವ್. ನೀವು ಹೇಳಿದ ದಿವಸ ನಾನು ಬರ್ತದೆ. ರಬ್ಬರ್ ಟ್ಯಾಪಿಂಗ್ ಬಿಟ್ಟು ಬರ್ತದೆ."

ಹಾಗೆ ನಾಲ್ಕನೆಯದ್ದು. ಸುಖದಲ್ಲಿ ಕಳೆದದ್ದು ಅಂತ ಹೇಳಿದ್ರೆ ಸುಳ್ಳಾಗ್ತದೆ. ತಿಂಗಳು ತಿಂಗಳು ಹೋಗಿ ರಕ್ತ ಕೊಡುದು, ಮೈ ಜಗಳಕ್ಕೆ ಎಷ್ಟು ಏರಿದೆ ಅಂತ ಅವರು ಅಳತೆ ನೋಡುದು. ಏರ್ಲಿಲ್ಲ ಅಂದ್ರೆ ಆ ತಿಂಗಳು ಉಸಿರು. ಮಗು ಒದ್ದರೆ ಸಂತೋಷ, ಒದೆಯದಿದ್ರೆ ಕೆಲಸ ಬಿಟ್ಟು ಎಡಕ್ಕೆ ಮಲಗಿ ಕಾಯುದು. ಆದ್ರೆ ಮೊದಲಿನ ಹೆದರಿಕೆಗೂ ಇದಕ್ಕೂ ತುಂಬ ವ್ಯತ್ಯಾಸ ಉಂಟು. ಇದರಲ್ಲಿ ನನಗೆ ಮಾಡ್ಲಿಕ್ಕೆ ಕೆಲಸ ಇತ್ತು, ಕೇಳ್ಲಿಕ್ಕೆ ಜನ ಇದ್ರು. ಅತ್ತೆ ಸಹ, ಪಾಪ, ಪ್ರತಿ ಸರ್ತಿ ನಾನು ಬಸ್ಸಿಳಿದು ಬರುವಾಗ ಗೇಟಿನಲ್ಲಿ ನಿಂತು, "ಜಗಳ ಎಷ್ಟಾಯ್ತು?" ಅಂತ ಕೇಳುದು. "ಇಲ್ಲ ಅತ್ತೆ, ಇದ್ದ ಹಾಗೆಯೇ ಉಂಟು" ಅಂದ್ರೆ, "ಹಾಂ, ಹಾಗೆ ಸುಮ್ಮನೆ ಇರ್ಲಿ" ಅಂತ ನನ್ನ ಹೊಟ್ಟೆ ನೋಡಿ ಗದರಿಸುದು, ರಕ್ತಕ್ಕೆ!

ಮಂಗಳೂರಿನಲ್ಲಿ ಹೆರಿಗೆ, ದಿನ ತುಂಬುವ ಮೊದಲೇ ಅವರೇ ಮಾಡಿಸಿದ್ದು. ತೋಮಾಚ್ಚ ಬೆಳಿಗ್ಗಿನ ಬಸ್ಸಿಗೇ ಬಂದು ಹೊರಗೆ ಕೂತಿದ್ರು, ಬಿಳಿ ಮುಂಡು ಉಟ್ಕೊಂಡು, ಮದುವೆಗೆ ಬಂದ ಹಾಗೆ. ಮಗು ಹುಟ್ಟಿತು, ಅತ್ತಿತು. ಅಳು ಕೇಳಿ ನಾನು ಖುಷಿ ಪಡ್ಲಿಲ್ಲ, ಎರಡನೆಯದೂ ಅತ್ತಿತ್ತಲ್ಲ. ಹೊಕ್ಕುಳ ಬಳ್ಳಿಯಿಂದ ರಕ್ತ ತೆಗೆದು ನೋಡ್ಲಿಕ್ಕೆ ಕೊಂಡು ಹೋದ್ರು. ಆ ಹೊತ್ತು, ಅದು ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ, ನಾನು ಆ ಬಾಗಿಲನ್ನೇ ನೋಡಿದ್ದು. ಮತ್ತೆ ನರ್ಸ್ ಬಂದ್ಳು, ಬರುವಾಗಲೇ ಹಲ್ಲು ಕಾಣ್ತದೆ. "ಅಮ್ಮಾ, ಹುಡುಗ ನಿಮ್ಮದೇ ಗುಂಪು. ನೆಗೆಟಿವ್. ಎಂತದೂ ತೊಂದರೆ ಇಲ್ಲ." ಹೊರಗೆ ನಿಮ್ಮ ಅಜ್ಜನಿಗೆ ಹೇಳಿದ್ದಕ್ಕೆ ಅವರು ನಿಂತಲ್ಲೇ ನೆಲದಲ್ಲಿ ಕೂತು ಬಿಟ್ರಂತೆ, ಕುರ್ಚಿ ಹತ್ತಿರವೇ ಉಂಟು, ಆದ್ರೂ ನೆಲದಲ್ಲಿ. ತೋಮಾಚ್ಚ ಅವರನ್ನು ಎಬ್ಬಿಸಿ, "ನನ್ನ ರಕ್ತ ಯಾರಿಗೂ ಬೇಡ್ವಾ? ನಾನು ರಾತ್ರಿ ಹೊಟ್ಟೆ ತುಂಬ ಬೀಫ್ ತಿಂದು ಬಂದದ್ದು!" ಅಂತ. ಅವರು ಸುಮ್ಮನೆ ಹೋಗ್ಲಿಲ್ಲ, ಬಂದದ್ದಕ್ಕೆ ಬೇರೆ ಯಾರಿಗಾದ್ರೂ ಆಗ್ಲಿ ಅಂತ ಕೊಟ್ಟೇ ಹೋದ್ರು. ಆ ಹುಡುಗನೇ ರವಿ. ದೀಕ್ಷಾ, ನಿನ್ನ ಅಪ್ಪ. ಆಮೇಲೆ ನಾನು ಆಪರೇಶನ್ ಮಾಡಿಸ್ಕೊಂಡೆ, ಅತ್ತು ಅಲ್ಲ, ನಗಾಡ್ತಾ. ನನಗೆ ಸಾಕು ಅನ್ನಿಸಿತ್ತು, ಅದಕ್ಕೆ.

ಈಗ ನಿನ್ನ ವಿಷಯ ಶ್ರಾವ್ಯ. ನಿನ್ನ ಅಮ್ಮನದ್ದು ಪಾಸಿಟಿವ್, ಅವಳಿಗೆ ಎಂತ ತೊಂದರೆಯೂ ಬರ್ಲಿಲ್ಲ. ನಿನ್ನದು ನೆಗೆಟಿವ್, ಆಯ್ತು. ನಿನ್ನ ಗಂಡನದ್ದು ಯಾವುದು? ನೋಡು, ಅದು ಸಹ ಕೇಳ್ಲಿಲ್ಲ! ಅವನದ್ದೂ ನೆಗೆಟಿವ್ ಆದ್ರೆ ಈ ಕಥೆಯೇ ಇಲ್ಲ. ಪಾಸಿಟಿವ್ ಆದ್ರೆ, ನನಗೆ ಸಿಗದೆ ಹೋದ ಇಂಜೆಕ್ಷನ್ ನಿನಗೆ ಉಂಟು, ಹೊಟ್ಟೆಯಲ್ಲಿರುವಾಗಲೇ ಒಂದು ಕೊಡ್ತಾರಂತೆ ಈಗ, ಹೆರಿಗೆ ಆದ ಮೇಲೆ ಮಗುವಿನ ಗುಂಪು ನೋಡಿ ಇನ್ನೊಂದು. ಗರ್ಭ ಅರ್ಧದಲ್ಲಿ ಹೋದ್ರೂ, ತೆಗೆಸಿದ್ರೂ ಆ ಇಂಜೆಕ್ಷನ್ ಕೇಳ್ಬೇಕು, ಅದನ್ನು ಮರೀಬೇಡ. ನಾನು ಹೇಳಿದ್ದು ಅಂತ ನಂಬಬೇಡ, ಇಬ್ಬರೂ ಹೋಗಿ ಡಾಕ್ಟರ ಹತ್ರ ಕೂತು ಕೇಳಿ. ಅರ್ಥ ಆಗುವವರೆಗೆ ಕೇಳಿ. ಕೇಳಿ ಬಂದ ಮೇಲೆ ನಿನಗೆ ಮಗು ಬೇಕು ಅಂತ ಕಂಡ್ರೆ ಒಳ್ಳೇದು, ಈಗ ಬೇಡ ಅಂತ ಕಂಡ್ರೂ ಒಳ್ಳೇದು, ಯಾವತ್ತೂ ಬೇಡ ಅಂತ ಕಂಡ್ರೆ ಅದೂ ನಿನ್ನದೇ, ನಿನ್ನ ಅತ್ತೆ ಎಂತಾದ್ರೂ ಹೇಳಿದ್ರೆ ನನ್ನ ಹತ್ರ ಕಳಿಸು, ನಾನು ಮಾತಾಡ್ತೇನೆ. ಹೆದರಿಕೆಯನ್ನು ಮಾತ್ರ ನಿನ್ನ ಮನಸ್ಸು ಅಂತ ತಿಳ್ಕೊಳ್ಬೇಡ ಮಗಾ. ಎರಡೂ ಒಂದೇ ಸ್ವರದಲ್ಲಿ ಮಾತಾಡ್ತಾವೆ, ಯಾವುದು ಯಾವುದು ಅಂತ ತಿಳೀಲಿಕ್ಕೆ ಸ್ವಲ್ಪ ವಿಷಯ ಗೊತ್ತಿರ್ಬೇಕು. ಆಯ್ತು, ಏಳಿ ಈಗ, ಕಾಪಿಗೆ ನೀರಿಡಿ, ಅವಲಕ್ಕಿ ಕಲಸಿಟ್ಟದ್ದು ಮೆತ್ತಗಾಗ್ತದೆ.